ಕೆಸಾಯಾ ಮೇಡಂ ಮತ್ತು ನನ್ನ ಚಪ್ಪಲಿ

ಫೆಬ್ರವರಿ 17

ಹದಿನಾರು ವರ್ಷ ಮಕ್ಕಳಿಗೆ ‘ಬಾಯಿಬಿಟ್ಟು ಹೇಳು’ ಎಂದು ಗದರುತ್ತ ಬಂದವಳು ಇವತ್ತು ನನ್ನ ಬಾಯಿಗೇ ಬೀಗ ಹಾಕಿಕೊಂಡು ಕೂತು ಎದ್ದು ಬಂದೆ. ಶಿಕ್ಷಣ ಮನೋವಿಜ್ಞಾನದ ಎಂ.ಎ. ತರಗತಿಯ ಮೊದಲ ದಿನ. ವಿಭಾಗದ ಹಿಂದುಗಡೆ ಚಾಪೆ ಹಾಸಿದ ದೊಡ್ಡ ಕೋಣೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಸುತ್ತಲೂ ಕೂರಬೇಕು. ನಾನು ಹುಡುಕಿ ಹುಡುಕಿ ಒಂದು ಕಂಬದ ಹಿಂದೆ ಕೂತೆ. ಕಂಬ ತೆಳ್ಳಗಿತ್ತು, ನಾನು ತೆಳ್ಳಗಿಲ್ಲ.

ಪಾಠ ಮಾಡುವವರು ಡಾ. ಕೆಸಾಯಾ. ನನ್ನ ಪ್ರಬಂಧಕ್ಕೂ ಅವರೇ ಮಾರ್ಗದರ್ಶಕಿ. ಅರವತ್ತರ ಹತ್ತಿರದ ವಯಸ್ಸು, ದೊಡ್ಡ ಆಳು, ಇಗರ್ಜಿಯ ಗಂಟೆಯಂಥ ದನಿ. ಒಬ್ಬೊಬ್ಬರನ್ನೂ ಹೆಸರೇನು, ಯಾವ ಊರು ಎಂದು ಕೇಳುತ್ತ ಬಂದರು. ನನ್ನ ಸರದಿ ಬಂದಾಗ ಕಂಬಕ್ಕೆ ಇನ್ನಷ್ಟು ಒತ್ತಿಕೊಂಡೆ. “ಸಲನಿಯೇಟಾ. ರೈವಾಂಗ” ಎಂದೆ. ರೈವಾಂಗ ನಾನು ಹುಟ್ಟಿ ಬೆಳೆದ, ಈಗಲೂ ಇರುವ, ರಾಜಧಾನಿ ಸುವಾದ ಬಡಾವಣೆ. ಮೇಡಂ ‘ಹೂಂ’ ಎಂದು ಮುಂದೆ ಹೋದರು.

ಮನೆಗೆ ಬಂದು ಹೇಳಿದರೆ ಅಪ್ಪ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. “ರೈವಾಂಗ ಅನ್ನೋದು ಬಸ್ ನಿಲ್ಲೋ ಜಾಗ ಕಣಮ್ಮ. ಊರು ಯಾವ್ದು ಅಂತ ಕೇಳಿದ್ರೆ ಅಪ್ಪನ ಊರು ಹೇಳ್ಬೇಕು. ನಾಸೋಲೋ ಅನ್ನೋಕೆ ಏನಾಗಿತ್ತು ನಿನಗೆ?” ನಾಸೋಲೋಗೆ ನಾನು ಹೋಗಿರುವುದು ಎರಡೇ ಸಲ, ಎರಡು ಸಲವೂ ಹಡಗಿನಲ್ಲಿ ವಾಂತಿ ಮಾಡಿಕೊಂಡು. ಆದರೂ ಅಪ್ಪನ ಮಾತು ಸರಿ. ಹೆದರಿಕೆಯಲ್ಲಿ ಊರನ್ನೇ ಮರೆತವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು.

ಜೂನ್‌ನಲ್ಲಿ ಸಂಶೋಧನೆಯ ಪ್ರಸ್ತಾವವನ್ನು ಎಲ್ಲರ ಮುಂದೆ ಮಂಡಿಸಬೇಕು. ಪಾಸಾದರೆ ಇಲಾಖೆ ನನ್ನ ರಜೆಯನ್ನು ಇನ್ನೊಂದು ವರ್ಷ ಮುಂದುವರಿಸುತ್ತದೆ. ಇಲ್ಲದಿದ್ದರೆ ಜುಲೈಗೆ ಮತ್ತೆ ನಾಲ್ಕನೇ ತರಗತಿ, ಓದು ಅಲ್ಲಿಗೆ ಮುಗಿಯಿತು. ನಾಲ್ಕನೇ ತರಗತಿ ನನಗಿಷ್ಟವೇ. ಆದರೆ ದ್ವೀಪ ದ್ವೀಪ ಸುತ್ತಿ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಪಕ್ಕ ಕೂತು, ಎಲ್ಲಿ ತೊಡಕಾಗಿದೆ ಎಂದು ನೋಡುವ ಕೆಲಸ ನನಗೆ ಬೇಕು. ಅದಕ್ಕೆ ಈ ಪದವಿ ಬೇಕು. ಹಡಗಿನ ವಿಚಾರ ಆಮೇಲೆ ನೋಡಿಕೊಂಡರಾಯಿತು.

ನನ್ನ ವಿಷಯ: ನಮ್ಮ ಮಕ್ಕಳು ತರಗತಿಯಲ್ಲಿ ಪ್ರಶ್ನೆ ಕೇಳುವುದಿಲ್ಲ, ಯಾಕೆ?

ಮಾರ್ಚ್ 4

ಮೊದಲ ಕರಡು ವಾಪಸ್ ಬಂತು. ಮೇಡಂ ತಮ್ಮ ಕೋಣೆಗೆ ಕರೆದು ಮೇಜಿನ ಮೇಲೆ ಹರಡಿದರು. ಪುಟ ಪುಟದ ಅಂಚಿನಲ್ಲೂ ಒಂದೇ ಸಾಲು, ಕೆಂಪಿನಲ್ಲಿ: ‘ನೀನೇನಂತೀಯ?’ ದೊಡ್ಡ ದೊಡ್ಡ ದೇಶದ ವಿದ್ವಾಂಸರು ಏನು ಹೇಳಿದ್ದಾರೆ ಎಂದು ನಾನು ಕಷ್ಟಪಟ್ಟು ಕಲೆಹಾಕಿದ್ದೆ. ಅವರೆಲ್ಲ ಹೇಳಿದ ಮೇಲೆ ನನ್ನದೇನು ಹೇಳುವುದಿದೆ?

“ಏನಾದ್ರೂ ಕೇಳೋದಿದ್ಯಾ?” ಎಂದರು. ಇಲ್ಲ ಮೇಡಂ ಎಂದೆ. “ನಾನು ಹೇಳಿದ್ದು ಒಪ್ಪಿಗೇನಾ?” ಹೌದು ಮೇಡಂ ಎಂದೆ. “ಒಪ್ಪಿಗೆ ಇಲ್ದೇ ಇರೋದು ಏನಾದ್ರೂ?” ಆಯ್ತು ಮೇಡಂ ಎಂದುಬಿಟ್ಟೆ. ಅದು ಯಾವ ಪ್ರಶ್ನೆಗೆ ಉತ್ತರವೋ ನನಗೇ ಗೊತ್ತಿಲ್ಲ.

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದೆ. ಹಿರಿಯರನ್ನು ಕಣ್ಣಿಟ್ಟು ನೋಡಬಾರದು ಎಂದು ಅಮ್ಮ ಕಲಿಸಿದ್ದು ರಕ್ತದಲ್ಲಿ ಇಳಿದಿದೆ. ಹಾಗಾಗಿ ಮೇಡಂ ಚಪ್ಪಲಿಯ ಪರಿಚಯ ಚೆನ್ನಾಗಿ ಆಯಿತು. ಕಂದು ಬಣ್ಣ, ಹೆಬ್ಬೆರಳ ಹತ್ತಿರ ಸವೆದಿದೆ, ಬಲಗಾಲಿನ ಪಟ್ಟಿಯನ್ನು ಮೀನಿನ ಬಲೆಯ ದಾರದಿಂದ ಹೊಲಿದಿದ್ದಾರೆ. ಹೊಲಿಗೆ ಅಚ್ಚುಕಟ್ಟಾಗಿದೆ.

ಮಾರ್ಚ್ 12

ಇವತ್ತಿನ ಪಾಠದಲ್ಲಿ ಒಬ್ಬ ವಿದ್ವಾಂಸರ ಮಾತು ಬಂತು: ಪ್ರಶ್ನೆ ಕೇಳದ ಮಗುವಿಗೆ ಕುತೂಹಲ ಕಡಿಮೆ, ಇಲ್ಲವೇ ತಪ್ಪಾದೀತೆಂಬ ಭಯ. ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಮಗು ಕೈಯೆತ್ತಿ ‘ಅರ್ಥವಾಗಲಿಲ್ಲ’ ಎಂದರೆ ‘ಟೀಚರ್, ನಿಮಗೆ ಹೇಳಿಕೊಡಲು ಬರಲಿಲ್ಲ’ ಎಂದಂತೆ. ಜೊತೆಗೆ ಉಳಿದ ಮಕ್ಕಳು ‘ದೊಡ್ಡವಳಾಗಲು ಹೊರಟಿದ್ದಾಳೆ ನೋಡು’ ಎಂದು ಹಂಗಿಸುತ್ತಾರೆ. ಮಗು ಸುಮ್ಮನಿರುವುದು ಮರ್ಯಾದೆಗೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿದ್ದ ರೊನೀಲ್‌ಗೆ ಕೊಟ್ಟೆ.

ರೊನೀಲ್ ಲಂಬಾಸಾದವನು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಲಹೆ ಹೇಳುವ ಮೇಷ್ಟ್ರು. ಅವನ ಮುತ್ತಜ್ಜ ಕಡಲಾಚೆಯಿಂದ ಕಬ್ಬು ಕಡಿಯಲು ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಬಾಯಿ ಮುಚ್ಚಿಲ್ಲ ಎಂದು ಅವನೇ ಹೇಳುತ್ತಾನೆ. ಚೀಟಿಯನ್ನು ಜೋರಾಗಿ ಓದಿದ. ಮೇಡಂ “ಒಳ್ಳೇ ಮಾತು. ಯಾರದ್ದು?” ಎಂದರು. ರೊನೀಲ್ ನನ್ನ ಕಡೆ ನೋಡಿದ, ನಾನು ಚಾಪೆಯ ಹೆಣಿಗೆ ನೋಡಿದೆ.

ಬಸ್‌ಸ್ಟಾಪಿನಲ್ಲಿ ಅವನು ಸುಂಕ ವಿಧಿಸಿದ: “ದೀದಿ, ಇನ್ಮೇಲೆ ನಿಮ್ಮ ಒಂದು ಪ್ರಶ್ನೆ ನಾನು ಕೇಳ್ಬೇಕು ಅಂದ್ರೆ ಒಂದು ಬಂಬಕಾವು.” ಬಂಬಕಾವು ನಾನು ಕರಿಯುವ ಉಬ್ಬಿದ ಬನ್ನು. ಒಪ್ಪಿಕೊಂಡೆ. ಅಗ್ಗವೇ ಆಯಿತು. ಆಮೇಲೆ ಅವನು ಮೇಡಂ ಥರ ನಡೆದು ತೋರಿಸಿದ, ಹೊಟ್ಟೆ ಮುಂದೆ ಮಾಡಿ, ಪೆನ್ನಿನಿಂದ ಎಡಗೆನ್ನೆಗೆ ದೊಡ್ಡ ಚುಕ್ಕೆ ಇಟ್ಟುಕೊಂಡು. ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರೆಲ್ಲ ನಕ್ಕರು, ನಾನೂ ನಕ್ಕೆ. ಚುಕ್ಕೆ ಯಾಕೆ ಎಂದು ಮಾತ್ರ ತಿಳಿಯಲಿಲ್ಲ.

ಮಾರ್ಚ್ 26

ನೌಸೋರಿಯ ಆಚೆ ಒಂದು ಶಾಲೆಗೆ ಹೋಗಿ ನಾಲ್ಕನೇ ತರಗತಿಯಲ್ಲಿ ಇಡೀ ದಿನ ಕೂತಿದ್ದೆ. ಸೂರ್ಯ ಚಂದ್ರರ ಪಾಠ. ಟೀಚರ್ ಒಳ್ಳೆಯವರು, ಕೊನೆಗೆ “ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ ಮಕ್ಕಳೇ?” ಎಂದರು. ಯಾರೂ ಉಸಿರೆತ್ತಲಿಲ್ಲ. ಬರೆದುಕೊಂಡೆ: ಪ್ರಶ್ನೆಗಳು, ಇಲ್ಲ.

ಊಟದ ಬಿಡುವಿನಲ್ಲಿ ಮಾವಿನ ಮರದ ಕೆಳಗೆ ಮರಗೆಣಸು ತಿನ್ನುತ್ತಿದ್ದೆ. ಅದೇ ತರಗತಿಯ ಅರಿಯೇತಾ ಎಂಬ ಮೂಕಿಯಂಥ ಹುಡುಗಿ ಮೋಸೆ ಎಂಬುವನನ್ನು ಹಿಡಿದುಕೊಂಡಿದ್ದಳು. “ಲೋ ಕುಂಬಳಕಾಯಿ ತಲೆ, ಚಂದ್ರ ಬೆಳಿಗ್ಗೇನೂ ಕಾಣ್ತಾನಲ್ಲ, ಹೇಗೆ?” ಮೋಸೆ ಬಿಟ್ಟಾನೇ. “ನಿಮ್ಮೂರವರಿಗೆ ಬೆಳಿಗ್ಗೆ ಯಾವ್ದು ರಾತ್ರಿ ಯಾವ್ದು ಅಂತ ಗೊತ್ತಿದ್ರೆ ತಾನೆ!” ಎಂದ. ಹಾಗೆ ಬೈದಾಡಿಕೊಳ್ಳುತ್ತಲೇ ನೆಲದ ಮೇಲೆ ಕಡ್ಡಿಯಿಂದ ಭೂಮಿ ಬರೆದರು, ಎಳೆ ತೆಂಗಿನಕಾಯಿ ಇಟ್ಟು ಚಂದ್ರ ಮಾಡಿದರು, ಮಧ್ಯೆ ಅವಳು ಅವನ ಮೀನಿನ ತುಂಡು ಕಸಿದು ತಿಂದಳು. ಅವನು ಅಳಲಿಲ್ಲ, ದೂರು ಹೇಳಲಿಲ್ಲ. ಹೇಳುವ ಹಾಗೂ ಇಲ್ಲ. ಅವರ ಊರುಗಳು ತೌವು. ಹಳೇ ಕಾಲದಲ್ಲಿ ಎರಡೂ ಊರಿನ ದೇವರುಗಳು ಬಂಧುಗಳಾಗಿದ್ದರಂತೆ, ಹಾಗಾಗಿ ಆ ಊರಿನವರು ಈ ಊರಿನವರನ್ನು ಏನು ಬೇಕಾದರೂ ಅನ್ನಬಹುದು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೂ ಹೋಗಬಹುದು. ಸಿಟ್ಟಾದವನೇ ಸೋತ.

ನೋಡಿ ತುಂಬಾ ನಗು ಬಂತು. ಆದರೆ ತರಗತಿಯ ಹೊರಗಿನದು, ನನ್ನ ಅಧ್ಯಯನಕ್ಕೆ ಸಂಬಂಧವಿಲ್ಲ. ಬರೆದುಕೊಳ್ಳಲಿಲ್ಲ.

ಏಪ್ರಿಲ್ 9

ಎರಡನೇ ಕರಡೂ ವಾಪಸ್. ಈ ಸಲ ಕೆಂಪಿನ ಸಾಲು ಕೂಡ ಇಲ್ಲ. “ಇನ್ನೊಂದ್ಸಲ ಹೀಗೇ ತಂದ್ರೆ ಜೂನ್‌ನಲ್ಲಿ ಮಂಡಿಸೋಕೆ ನಾನು ಒಪ್ಪಿಗೆ ಕೊಡಲ್ಲ, ಸಲನಿಯೇಟಾ” ಎಂದರು ಮೇಡಂ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಆಯ್ತು ಮೇಡಂ ಎಂದೆ.

ಏಪ್ರಿಲ್ 10

ಪಾಯಿಖಾನೆಯಲ್ಲಿ ಕೂತು ಅತ್ತೆ. ಪೆನಿ ಹೊರಗಿನಿಂದ ಬಾಗಿಲು ತಟ್ಟಿ, “ಟೀಚರಮ್ಮಾ, ಒಳಗೇನು ಪ್ರಬಂಧ ಬರೀತಿದ್ದೀಯಾ? ನಂಗೆ ಅರ್ಜೆಂಟು” ಎಂದ. ಇಂಥ ಗಂಡನನ್ನು ಕಟ್ಟಿಕೊಂಡ ಮೇಲೆ ಪೂರ್ತಿ ಅಳುವುದಕ್ಕೂ ಆಗುವುದಿಲ್ಲ.

ಏಪ್ರಿಲ್ 26

ಏನಾಯಿತೆಂದು ನಿಧಾನವಾಗಿ ಬರೆಯುತ್ತೇನೆ.

ಸುವಾದಲ್ಲಿರುವ ನಾಸೋಲೋದವರೆಲ್ಲ ಸೇರಿ ನನ್ನ ಚಿಕ್ಕಪ್ಪನ ಮಗನ ಮದುವೆ ಮಾಡಿದೆವು, ಇಗರ್ಜಿಯ ಸಭಾಂಗಣದಲ್ಲಿ. ನಾನು ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ನೀಲಿ ಪಟ್ಟಿ, ಮೇಲೆ ಸಣ್ಣ ಬಿಳಿ ಕವಡೆ. ಪೆನಿ ನನ್ನ ಹುಟ್ಟುಹಬ್ಬಕ್ಕೆ ತಂದದ್ದು. ಬಾಗಿಲಲ್ಲಿ ಎಲ್ಲರ ಚಪ್ಪಲಿಯ ರಾಶಿಯಿಂದ ಸ್ವಲ್ಪ ದೂರ, ಹುಷಾರಾಗಿ ಬಿಟ್ಟೆ. ಗಂಡಸರು ಬೇರು ಅರೆದು ಕಲಸಿದ ಯಂಗೋನಾ ಪಾನೀಯದ ಬಟ್ಟಲಿನ ಸುತ್ತ ಕೂತಿದ್ದರು, ನಾವು ಹೆಂಗಸರು ಊಟ ಬಡಿಸುತ್ತಿದ್ದೆವು.

ಹೊರಗೆ ಬೊಬ್ಬೆ ಕೇಳಿತು. ವುನಿಸೆಯಾದವರು! ವುನಿಸೆಯಾ ನಮ್ಮ ಅಪ್ಪನ ಊರಿನ ತೌವು. ಕರೆಯದೇ ಬರುವುದು ಅವರ ಹಕ್ಕು. ಪಾತ್ರೆ ಬಡಿಯುತ್ತ ನುಗ್ಗಿದರು. ಎಲ್ಲರೂ ಮುಖಕ್ಕೆ ಪೌಡರು ಮೆತ್ತಿಕೊಂಡಿದ್ದರು, ನಮ್ಮ ಮುಖಕ್ಕೂ ಮೆತ್ತಿದರು. ಮದುಮಗನಿಗೆ ‘ನಿನಗೆ ಹೆಣ್ಣು ಕೊಟ್ಟ ಆ ಕುರುಡರು ಯಾರು’ ಎಂದು ಕೇಳಿದರು. ಅವರಲ್ಲೊಬ್ಬ ಭಾರಿ ಹೆಂಗಸು ಹಂದಿಯ ಹುರಿದ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, “ನಾಸೋಲೋದವರಿಗೆ ತಲೆ ಯಾಕೆ, ಇದ್ದದ್ದನ್ನೇ ಯಾವತ್ತೂ ಬಳಸಿಲ್ಲ” ಎಂದು ಸಾರಿದಳು. ಆ ದನಿ ನನಗೆ ಗೊತ್ತಿತ್ತು. ಕೈಯಲ್ಲಿದ್ದ ಕೆಸುವಿನೆಲೆಯ ಪಲ್ಯದ ಪಾತ್ರೆ ಜಾರಿತು.

ಅವರೂ ನನ್ನನ್ನು ನೋಡಿದರು. “ರೈವಾಂಗದವಳು ಇಲ್ಲೇನು ಮಾಡ್ತಿದ್ದೀಯ?”

ನಾನು ತಲೆ ತಗ್ಗಿಸಿದೆ. ಅಪ್ಪ ಕೂತಲ್ಲಿಂದಲೇ ಕೂಗಿದರು: “ಯಾರ್ರೀ ರೈವಾಂಗದವಳು? ಅವಳು ನನ್ನ ಮಗಳು. ಅಪ್ಪಟ ನಾಸೋಲೋ.”

ಕೆಸಾಯಾ ಮೇಡಂ ನಗಲು ಶುರುಮಾಡಿದರು. ಪೌಡರು ಉದುರುವಷ್ಟು ನಕ್ಕರು. “ಅಯ್ಯೋ ನನ್ನ ಕರ್ಮವೇ! ಎರಡು ತಿಂಗಳಿಂದ ಒಬ್ಬ ನಾಸೋಲೋದ ಕಳ್ಳಿಯನ್ನ ನಾನು ಮರ್ಯಾದೆ ಕೊಟ್ಟು ಮಾತಾಡಿಸ್ತಾ ಇದ್ದೀನಾ? ಇದು ಊರಿಗೆ ಗೊತ್ತಾದ್ರೆ ನನ್ನ ಒಳಗೆ ಸೇರಿಸ್ತಾರಾ?”

ನಾನು ಅಡುಗೆ ಮನೆಗೆ ಓಡಿದೆ. ಹೊರಗೆ ಬಂದಾಗ ಅವರೆಲ್ಲ ಹೋಗಿದ್ದರು, ಹಂದಿ ತಲೆಯೂ ಹೋಗಿತ್ತು. ಬಾಗಿಲಲ್ಲಿ ನನ್ನ ಕವಡೆ ಚಪ್ಪಲಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಕಂದು ಬಣ್ಣದ ಜೋಡಿ ಇತ್ತು, ಹೆಬ್ಬೆರಳ ಹತ್ತಿರ ಸವೆದಿದ್ದು, ಬಲ ಪಟ್ಟಿಗೆ ಬಲೆಯ ದಾರದ ಹೊಲಿಗೆ.

ಅಪ್ಪ ದಾರಿಯುದ್ದಕ್ಕೂ ಒಂದೇ ಮಾತು: ತಿರುಗಿ ಎತ್ತಿಕೊಂಡು ಬರದಿದ್ದರೆ ನಾಸೋಲೋದ ಮಾನ ಹೋಯಿತು. ನನ್ನ ಪದವಿ ಅವರ ಕೈಯಲ್ಲಿದೆ ಅಪ್ಪಾ ಎಂದೆ. ಪದವಿ ಇವತ್ತು ಬರುತ್ತೆ ನಾಳೆ ಹೋಗುತ್ತೆ ಎಂದರು. ಪದವಿ ಹೇಗೆ ಹೋಗುತ್ತದೋ ನಾನು ಕೇಳಲಿಲ್ಲ.

ಏಪ್ರಿಲ್ 28

ಮೇಡಂ ಕೋಣೆಗೆ ಹೋದೆ, ಅವರ ಹಳೇ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು. ಗೌರವದಿಂದ ಹಿಂತಿರುಗಿಸೋಣ, ಅದೂ ಇದೂ ಮಾತಾಗಿ ನನ್ನದು ಸಿಕ್ಕರೂ ಸಿಗಬಹುದು ಎಂಬ ಲೆಕ್ಕ. ಮೇಡಂ ಚೀಲದೊಳಗೆ ನೋಡಿ, “ತೌವು ಕದ್ದದ್ದಕ್ಕೆ ಬದಲಾಗಿ ಬಿಟ್ಟುಹೋದ ಕಸಾನೂ ತಂದು ಒಪ್ಪಿಸ್ತಾಳಲ್ಲ, ಇವಳೆಂಥ ನಾಸೋಲೋದವಳು” ಎಂದರು. ನಾನು ಸುಮ್ಮನೆ ಕೂತೆ. ನಮ್ಮೂರಿನ ಗಂಡಸರು ಮೀನು ಹಿಡಿಯಲು ಹೋಗಿ ಬಲೆಯಲ್ಲಿ ತಾವೇ ಸಿಕ್ಕಿಕೊಂಡ ಕಥೆ ಹೇಳಿದರು. ಸುಮ್ಮನೆ ಕೂತೆ. ನಮ್ಮ ಅಜ್ಜಿಯರ ಅಡುಗೆಯ ಬಗ್ಗೆ ಹೇಳಿದರು. ಅದಕ್ಕೂ ಸುಮ್ಮನೆ ಕೂತೆ.

ಆಗ ಅವರ ದನಿ ಬದಲಾಯಿತು. “ನೋಡು, ಸಲಾ. ಮೇಡಂ ಎದುರಿಗೆ ನೀನು ಬಾಯಿ ಮುಚ್ಕೊಂಡು ಕೂತ್ರೆ ಅದು ಮರ್ಯಾದೆ. ತೌವು ಎದುರಿಗೆ ಬಾಯಿ ಮುಚ್ಕೊಂಡು ಕೂತ್ರೆ ಅದು ನನಗೆ ಅವಮಾನ. ಈಗ ನಿನ್ನ ಎದುರಿಗೆ ಕೂತಿರೋದು ಯಾರು?”

ಅವರ ಕಾಲಲ್ಲಿ ನನ್ನ ನೀಲಿ ಚಪ್ಪಲಿ ಇತ್ತು. ಹಿಮ್ಮಡಿ ಎರಡು ಬೆರಳಷ್ಟು ಹೊರಗೆ ಬಂದಿತ್ತು, ಕವಡೆಗಳು ಬಿರಿಯುವ ಹಾಗಿದ್ದವು. ಅದನ್ನೇ ನೋಡುತ್ತಿದ್ದವಳ ಬಾಯಿಂದ ಹೇಗೆ ಬಂತೋ: “ಮನುಷ್ಯರ ಕಾಲಿಗೆ ಅಂತ ಮಾಡಿದ ಚಪ್ಪಲಿ ಮೇಡಂ ಅದು. ವುನಿಸೆಯಾದವರ ಕಾಲಿಗೆ ದೋಣಿ ಬೇಕು.”

ಹೇಳಿ ಬಾಯಿಗೆ ಕೈ ಇಟ್ಟುಕೊಂಡೆ. ಮೇಡಂ ಮೇಜು ಗುದ್ದಿದರು, ಮೇಲಿದ್ದ ಚಹಾ ಚೆಲ್ಲಿತು. “ಹಾಂ! ಇದೇ ಬಾಯಲ್ಲಿ ಈಗ ನಿನ್ನ ಎರಡನೇ ಅಧ್ಯಾಯಕ್ಕೆ ಏನು ಹೇಳ್ತೀಯ ಹೇಳು.”

ಎರಡನೇ ಅಧ್ಯಾಯ ಸುಳ್ಳು ಎಂದೆ. ನಾನೇ ಬರೆದದ್ದು, ಆದರೂ ಸುಳ್ಳು. ಮಕ್ಕಳಿಗೆ ಕುತೂಹಲ ಕಡಿಮೆಯೂ ಅಲ್ಲ, ಸುಮ್ಮನೆ ಭಯವೂ ಅಲ್ಲ ಎಂದೆ. ಅರಿಯೇತಾ, ಮೋಸೆ, ತೆಂಗಿನಕಾಯಿಯ ಚಂದ್ರ, ಕಸಿದ ಮೀನು, ಎಲ್ಲಾ ಹೇಳಿದೆ. ಯಾರನ್ನು ಬೈಯಬಹುದೋ ಅವರ ಹತ್ತಿರ ಆ ಹುಡುಗಿ ಏನು ಬೇಕಾದರೂ ಕೇಳುತ್ತಾಳೆ ಎಂದೆ.

“ಇದು ಪ್ರಬಂಧದಲ್ಲಿ ಎಲ್ಲಿದೆ?”

“ಸಂಬಂಧ ಇಲ್ಲ ಅಂದ್ಕೊಂಡೆ.”

“ಇಲ್ಲ ಅಂದವರು ಯಾರು?”

ಯಾರೂ ಅಂದಿರಲಿಲ್ಲ. ಮನೆಗೆ ಬಂದು ಊಟ ಮಾಡದೇ ಬರೆಯಲು ಕೂತೆ. ಅಪ್ಪ ಚಪ್ಪಲಿ ಎಲ್ಲಿ ಎಂದು ಕೇಳಿದರು. ಅಯ್ಯೋ, ಮರೆತೇಬಿಟ್ಟೆ.

ಮೇ 8

ನೌಸೋರಿಯ ಶಾಲೆಯಲ್ಲಿ ಹೊಸ ಪ್ರಯೋಗ. ಮಕ್ಕಳನ್ನು ಹೆಸರಿನ ಕ್ರಮದಲ್ಲಿ ಕೂರಿಸುವ ಬದಲು, ಯಾರಿಗೆ ಯಾರನ್ನು ರೇಗಿಸುವ ಸಲಿಗೆ ಇದೆಯೋ ಅವರ ಪಕ್ಕ ಕೂರಿಸಿದೆವು. ತೌವು, ಅತ್ತೆಯ ಮಕ್ಕಳು, ಮಾವನ ಮಕ್ಕಳು. ಪಾಠದ ಮಧ್ಯೆ ಟೀಚರ್ ನಿಲ್ಲಿಸಿ, ‘ಪಕ್ಕದ ದಡ್ಡರನ್ನು ಕೇಳಿ’ ಎನ್ನಬೇಕು. ಮೊದಲು ಪಿಸುಪಿಸು, ಆಮೇಲೆ ಮೀನು ಮಾರುಕಟ್ಟೆ. ಅರಿಯೇತಾ ಎರಡು ಪ್ರಶ್ನೆಗೆ ಮೋಸೆಯಿಂದ ಉತ್ತರ ಸಿಗದೆ, ಅವನನ್ನು ಎಳೆದುಕೊಂಡೇ ಟೀಚರ್ ಹತ್ತಿರ ಬಂದಳು: “ಮಿಸ್, ಈ ಕುಂಬಳಕಾಯಿಗೆ ಗೊತ್ತಿಲ್ಲ. ನೀವು ಹೇಳಿ.” ಟೀಚರ್ ಕಣ್ಣು ಒದ್ದೆಯಾಯಿತು. ನನ್ನದೂ.

ಗಲಾಟೆಗೆ ಮುಖ್ಯೋಪಾಧ್ಯಾಯರು ಓಡಿಬಂದರು. ಶಾಲೆಯೋ ಸಂತೆಯೋ ಎಂದರು. ಮುಂದಿನ ವಾರದಿಂದ ಇದೆಲ್ಲ ಬೇಡ ಎಂದರು. ಒಂದು ತಿಂಗಳು ಕೊಡಿ ಸರ್, ನಿಶ್ಶಬ್ದವಾಗಿದ್ದಾಗ ಮಕ್ಕಳು ಎಷ್ಟು ಕಲಿಯುತ್ತಿದ್ದರು ಅಂತ ತಾವು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದೆ. ಅವರು ಕಿಟಕಿ ಮುಚ್ಚಿಕೊಂಡು ಮಾಡಿ ಎಂದು ಹೋದರು. ಒಳ್ಳೆಯ ಮನುಷ್ಯ.

ಮೇ 14

ಪಾಠದಲ್ಲಿ ರೊನೀಲ್ ಜೊತೆ ಜಗಳವಾಯಿತು. ನನ್ನ ವಿಚಾರ ಕೇಳಿ, “ಸರಿ ದೀದಿ, ನಿಮ್ಮ ಮಕ್ಕಳಿಗೆ ತೌವು ಇದೆ. ನಮ್ಮ ಮಕ್ಕಳಿಗೆ ಎಲ್ಲಿಂದ ತರ್ತೀರಾ? ಅಂಗಡಿಯಿಂದಲಾ?” ಎಂದ. ಸರಿಯಾದ ಏಟು. ಆದರೆ ಬಿಡಲು ಮನಸ್ಸಾಗಲಿಲ್ಲ. ನಿಮ್ಮನೇಲಿ ಅತ್ತಿಗೆನ ಮೈದುನ ರೇಗಿಸಲ್ವಾ, ಅಜ್ಜನ ಮೀಸೆ ಮೊಮ್ಮಕ್ಕಳು ಎಳೆಯಲ್ವಾ, ಪ್ರತಿ ಮನೆಯಲ್ಲೂ ಹೀಗೆ ಸಲಿಗೆಯ ಒಂದು ಬಾಗಿಲು ಇದ್ದೇ ಇರುತ್ತೆ, ಅದು ಎಲ್ಲಿದೆ ಅಂತ ಟೀಚರ್ ಹುಡುಕಬೇಕು ಎಂದೆ. ಅವನು ಬೇರೆ ಏನೋ ಹೇಳಿದ, ನಾನೂ ಹೇಳಿದೆ. ಮೇಡಂ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರಂತೆ, ನಿದ್ದೆ ಹೋಗಿದ್ದಾರೆ ಅಂದುಕೊಂಡನಂತೆ ರೊನೀಲ್. ನಗುತ್ತಿದ್ದರಂತೆ.

ಅವನಿಗೆಂದು ಒಯ್ದ ಬಂಬಕಾವು ಇವತ್ತೂ ಹಾಗೇ ಮನೆಗೆ ಬಂತು. ಮೂರು ವಾರವಾಯಿತು ಹೀಗೆ. ಹುಡುಗನಿಗೆ ಎಣ್ಣೆ ತಿಂಡಿ ಸೇರುತ್ತಿಲ್ಲವೋ ಏನೋ. ಪೆನಿ ತಿಂದ.

ಮೇ 29

ಮೂರನೇ ಕರಡು. ಮೇಡಂ ಓದಿ ಮೇಜಿನ ಮೇಲಿಟ್ಟರು. “ನಾಸೋಲೋದವರಿಗೆ ಬರೆಯೋಕೂ ಬರುತ್ತೆ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ” ಎಂದು ಒಪ್ಪಿಗೆಯ ರುಜು ಹಾಕಿದರು. ವುನಿಸೆಯಾದವರಿಗೆ ಓದೋಕೆ ಬರುತ್ತೆ ಅನ್ನೋದೇ ನನಗೆ ಈಗ ಗೊತ್ತಾಗಿದ್ದು ಎಂದೆ.

ಆದರೆ ಜೂನ್ ಮಂಡನೆಯಲ್ಲಿ ತೀರ್ಮಾನ ಮೇಡಂ ಒಬ್ಬರದ್ದೇ ಅಲ್ಲ. ಬ್ರಿಸ್ಬೇನ್‌ನಿಂದ ಒಬ್ಬ ಪ್ರೊಫೆಸರ್ ಬರುತ್ತಾರೆ, ನಮ್ಮ ಡೀನ್ ಇರುತ್ತಾರೆ. ಮೂವರೂ ಒಪ್ಪಬೇಕು.

ಜೂನ್ 17

ನಾಳೆ. ಕಂಬದ ಹಿಂದೆ ಕೂರುವ ಹಾಗಿಲ್ಲ.

ಜೂನ್ 18

ಚಾಪೆ ಕೋಣೆ ತುಂಬಿತ್ತು. ಅಪ್ಪ ಹೂವಿನ ಅಂಗಿ ಹಾಕಿಕೊಂಡು ಮುಂದೆಯೇ ಕೂತಿದ್ದರು, ಪೆನಿ ಕೆಲಸ ಬಿಟ್ಟು ಬಂದಿದ್ದ. ಕಂಬದ ಹಿಂದೆ ರೊನೀಲ್ ಕೂತಿದ್ದ. ಎದುರಿಗೆ ಪರೀಕ್ಷಕರು ಮೂವರು: ಡೀನ್, ಬ್ರಿಸ್ಬೇನ್‌ನ ಪ್ರೊಫೆಸರ್ ಮತ್ತು ಕೆಸಾಯಾ ಮೇಡಂ.

ಹೇಳುವುದೆಲ್ಲ ಹೇಳಿ ಮುಗಿಸಿದೆ. ಡೀನ್ ಒಂದೆರಡು ಕೇಳಿದರು, ಸುಲಭದ್ದು. ಆಮೇಲೆ ಪ್ರೊಫೆಸರ್ ಕನ್ನಡಕ ತೆಗೆದರು. ತೆಳ್ಳನೆಯ ಹೆಂಗಸು, ಮೆಲು ಮಾತು. ‘ನಮ್ಮಲ್ಲಿ ಹೀಗೆ ಒಬ್ಬರನ್ನೊಬ್ಬರು ಹಂಗಿಸುವುದನ್ನು ಶಾಲೆಯಿಂದ ಹೊರಹಾಕಲು ವರ್ಷಗಟ್ಟಲೆ ಹೆಣಗಿದ್ದೇವೆ. ಎಷ್ಟೋ ಮಕ್ಕಳು ಅದರಿಂದ ನೊಂದು ಶಾಲೆಯನ್ನೇ ಬಿಟ್ಟಿದ್ದಾರೆ. ನೀವು ಅದನ್ನೇ ತರಗತಿಯೊಳಗೆ ತರುತ್ತೀರಿ. ಇದು ಮಕ್ಕಳಿಗೆ ಹಿಂಸೆ ಅಲ್ಲವೇ? ಹಾಗಿದ್ದರೆ ಇದಕ್ಕೆ ನಾನು ಒಪ್ಪಿಗೆ ಕೊಡಲಾರೆ’ ಎಂದರು.

ನನ್ನ ತಲೆ ತಾನೇ ತಗ್ಗಿತು. ‘ಆಯ್ತು ಮೇಡಂ’ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಚಾಪೆಯ ಹೆಣಿಗೆ ಕಾಣಿಸಿತು. ಈಗ ಕೆಸಾಯಾ ಮೇಡಂ ನನ್ನ ಪರವಾಗಿ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ದೊಡ್ಡದಾಗಿ ಆಕಳಿಸಿದರು.

“ಕಾಯೋದು ದಂಡ” ಎಂದರು, ಡೀನ್ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ. “ನಾಸೋಲೋದವರಿಗೆ ಪ್ರಶ್ನೆ ಅರ್ಥ ಆಗೋಕೇ ಒಂದು ಮಳೆಗಾಲ ಬೇಕು.”

ಅಪ್ಪ ‘ಹೋ’ ಎಂದು ಕೂಗಿದರು. ನಾನು ತಲೆಯೆತ್ತಿ ಮೇಡಂ ಮುಖವನ್ನು ನೆಟ್ಟಗೆ ನೋಡಿದೆ. “ಅರ್ಥ ಆಯ್ತು ಮೇಡಂ. ವುನಿಸೆಯಾದವರಿಗೂ ತಿಳಿಯೋ ಹಾಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ” ಎಂದೆ. ಜನ ನಕ್ಕ ನಗುವಿಗೆ ಪ್ರೊಫೆಸರ್ ಗಾಬರಿಯಾದರು. ನಾನು ಅವರ ಕಡೆ ತಿರುಗಿದೆ.

“ಈಗ ನೋಡಿದ್ರಲ್ಲ, ಪ್ರೊಫೆಸರ್, ಇದೇ ಅದು. ಅವರು ನನಗಿಂತ ದೊಡ್ಡವರು, ಓದಿದವರು, ನನ್ನ ಪದವಿ ಅವರ ಕೈಲಿದೆ. ಆದ್ರೂ ಅವರು ಒಂದು ಅಂದ್ರೆ ನಾನು ಒಂದು ಅನ್ನಬಹುದು. ಒಬ್ಬರಿಗೇ ಬಾಯಿದ್ದು ಇನ್ನೊಬ್ಬರಿಗೆ ಇಲ್ಲದಿದ್ರೆ ಅದು ಹಿಂಸೆ. ಅಂಥದ್ದನ್ನ ನಾನೂ ತರಗತಿಗೆ ಬಿಡಲ್ಲ. ಎರಡೂ ಕಡೆ ಬಾಯಿದ್ರೆ ಮಾತ್ರ ಜೋಡಿ. ಅದಕ್ಕೇ ಜೋಡಿಗಳನ್ನ ಟೀಚರ್ ಮಾಡಲ್ಲ, ಮನೆಯವರನ್ನ ಕೇಳಿ ಮಾಡ್ತೀವಿ. ಒಂದು ಮಗು ತಿರುಗಿ ಹೇಳೋದು ನಿಲ್ಲಿಸಿದ ದಿನ ಆ ಜೋಡಿ ಮುರೀತೀವಿ.” ಆಮೇಲೆ, ಇದನ್ನು ಮೊದಲೇ ಯೋಚಿಸಿರಲಿಲ್ಲ, ನಾನೇ ಕೇಳಿದೆ: “ನಿಮ್ಮ ಕಡೆ ಮಕ್ಕಳು, ಗೊತ್ತಿಲ್ಲ ಅನ್ನೋದನ್ನ ನಾಚಿಕೆಯಿಲ್ದೇ ಯಾರ ಹತ್ರ ಹೇಳ್ಕೋತಾರೆ?”

ಪ್ರೊಫೆಸರ್ ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. ‘ನನಗೆ ಗೊತ್ತಿಲ್ಲ’ ಎಂದರು. ನಗುತ್ತಲೇ ಹೇಳಿದರು. ಆಮೇಲೆ ಅವರೂ ನಾನೂ ತುಂಬಾ ಹೊತ್ತು ಮಾತಾಡಿದೆವು. ಡೀನ್ ಎರಡು ಸಲ ಗಡಿಯಾರ ತೋರಿಸಬೇಕಾಯಿತು.

ಮೂವರೂ ಒಳಕೋಣೆಗೆ ಹೋಗಿ ಬಂದರು. ಪಾಸು. ಮನೆಯವರ ಒಪ್ಪಿಗೆ ಹೇಗೆ ಪಡೆಯುತ್ತೇವೆ ಎಂಬ ಭಾಗವನ್ನು ಇನ್ನಷ್ಟು ಬಿಡಿಸಿ ಬರೆಯಬೇಕಂತೆ, ಅಷ್ಟೆ. ಇನ್ನೊಂದು ವರ್ಷ ಓದು ನನ್ನದು. ಪೆನಿ ಎಲ್ಲರೆದುರಿಗೇ ನನ್ನನ್ನು ಎತ್ತಲು ನೋಡಿ, ಸೊಂಟ ಹಿಡಿದುಕೊಂಡು ಕೂತ. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ಮದುವೆಯ ದಿನವೂ. ಇದನ್ನು ಅವನಿಗೆ ಹೇಳುವುದಿಲ್ಲ.

ಎಲ್ಲರೂ ಒಳಗೆ ಯಂಗೋನಾ ಕುಡಿಯುತ್ತಿದ್ದಾಗ ಅಪ್ಪ ನನ್ನ ಕಡೆ ನೋಡಿ ಬಾಗಿಲ ಕಡೆ ಕಣ್ಣು ಹೊರಳಿಸಿದರು. ನಾನು ಎದ್ದೆ. ಬಾಗಿಲಲ್ಲಿ ನನ್ನ ನೀಲಿ ಚಪ್ಪಲಿ ಇತ್ತು, ಪಾಪ, ಹಿಗ್ಗಿ ದೋಣಿಯೇ ಆಗಿತ್ತು. ಹಾಕಿಕೊಂಡೆ. ಪಕ್ಕದಲ್ಲಿ ಮೇಡಂ ಛತ್ರಿ ಇತ್ತು, ಅದನ್ನೂ ತೆಗೆದುಕೊಂಡೆ. ಹೊರಗೆ ಸುವಾದ ಮಳೆ ಸುರಿಯುತ್ತಿತ್ತು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಆ ದನಿ ಬಂತು, ಇಡೀ ವಿಶ್ವವಿದ್ಯಾಲಯಕ್ಕೆ ಕೇಳುವಂತೆ: “ಕಳ್ಳೀ! ನಾಸೋಲೋದ ಕಳ್ಳೀ!” ಬರಿಗಾಲಲ್ಲಿ, ಮಳೆಯಲ್ಲಿ, ಕೈಯಲ್ಲಿ ಯಂಗೋನಾದ ಬಟ್ಟಲು ಹಿಡಿದುಕೊಂಡೇ ಮೇಡಂ ಮೆಟ್ಟಿಲ ಮೇಲೆ ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ಮಳೆಯಲ್ಲಿ ಗೊತ್ತಾಗಲಿಲ್ಲ. ಅಪ್ಪ ನನ್ನ ಪಕ್ಕ ಛತ್ರಿಯ ಕೆಳಗೆ ರಾಜನ ಹಾಗೆ ನಡೆದರು.

ಒಂದು ವಿಚಾರ ಬರೆಯಲು ಮರೆತಿದ್ದೆ. ಇವತ್ತು ಮುಖ ನೆಟ್ಟಗೆ ನೋಡಿದಾಗ ಕಂಡಿತು, ಮೇಡಂ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಎದ್ದಿದೆ. ದೊಡ್ಡದು, ಹುರಿದ ಹುಣಸೆ ಬೀಜದಷ್ಟು. ಇತ್ತೀಚೆಗೆ ಬಂದಿರಬೇಕು, ಮೊದಲು ಇರಲಿಲ್ಲ. ಡಾಕ್ಟರಿಗೆ ತೋರಿಸಿದ್ದಾರೋ ಇಲ್ಲವೋ. ಸೋಮವಾರ ಹೋದಾಗ ಕೇಳಬೇಕು.